ಗೌರಿ ಹಾಕಿದ ಆನೆಕೂಗು

ಮೊನ್ನೆ ವೆಳ್ಳಮುಂಡದ ಗದ್ದೆಬಯಲಿನ ನಡುವೆ ಸ್ಕೂಟರ್ ನಿಲ್ಲಿಸಿಬಿಟ್ಟೆ. ನಿಲ್ಲಿಸುವ ಹೊತ್ತಲ್ಲ ಅದು. ನಾನು ಕೆಲಸ ಮಾಡುವ ಮೃಗಾಸ್ಪತ್ರೆಗೆ ಫೋನ್ ಬಂದಿತ್ತು, ಯಾರದೋ ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲವೆಂದು ನಾನು ಅವಸರದಲ್ಲಿ ಹೊರಟಿದ್ದೆ. ಆದರೆ ರಸ್ತೆಯ ಎರಡೂ ಕಡೆ ಗಂಧಕಸಾಲೆ ಭತ್ತ ಹೂಬಿಟ್ಟಿತ್ತು. ಗೊತ್ತಿರುವವರಿಗೆ ಗೊತ್ತು, ಈ ಭತ್ತ ಅನ್ನವಾಗುವ ಮೊದಲೇ ಅನ್ನದ ಪರಿಮಳ ಬಿಡುತ್ತದೆ, ಅದೂ ಇಡೀ ಬಯಲಿಗೆ. ಕಣ್ಣುಮುಚ್ಚಿ ಒಂದು ಉಸಿರು ಎಳೆದೆ, ಅಷ್ಟೇ. ನನಗೇ ಗೊತ್ತಿಲ್ಲದೆ ಬಾಯಿಂದ "ಹೋಯ್… ಹೋ" ಎಂದು ಒಂದು ಕೂಗು ಹೊರಟಿತು. ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಮುದುಕರು ಕತ್ತಿ ಹಿಡಿದೇ ತಿರುಗಿ, "ಎಂತಾ ಮೋಳೇ?" ಎಂದರು, ಏನು ಮಗಳೇ ಎಂದು ಮಲಯಾಳದಲ್ಲಿ. "ಗಿಳಿ ಬಂದಿತ್ತು" ಎಂದೆ. ಆಕಾಶದಲ್ಲಿ ಗಿಳಿಯಿರಲಿ, ಒಂದು ಕಾಗೆಯೂ ಇರಲಿಲ್ಲ. ಅವರು ನನ್ನನ್ನೂ ಸ್ಕೂಟರನ್ನೂ ಒಮ್ಮೆ ನೋಡಿ ಮತ್ತೆ ಹುಲ್ಲಿಗೆ ಬಾಗಿದರು.

ಈಗ ನನ್ನ ಗಂಟಲು ಕೇಳಿದವರು ನಂಬುವುದಿಲ್ಲ, ಹದಿನೈದು ವರ್ಷ ತುಂಬುವವರೆಗೂ ನಾನು ಒಮ್ಮೆಯೂ ಕೂಗಿದವಳಲ್ಲ. ನಾನು ಕೂಗಲು ಕಲಿತದ್ದು ಒಂದೇ ಬೆಳೆಯಲ್ಲಿ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, ಓಣಂ ಕಳೆದಂದಿನಿಂದ ಡಿಸೆಂಬರಿನ ಕೊಯ್ಲಿನ ತನಕ.

ಅದಕ್ಕೆ ಮೊದಲು ನಾವು ಮೀನಂಗಡಿಯಲ್ಲಿದ್ದೆವು, ಪೇಟೆಯ ಹಿಂದಿನ ಒಂದು ಸಾಲುಮನೆಯಲ್ಲಿ. ನಾನು, ಹನ್ನೆರಡು ವರ್ಷದ ತಮ್ಮ ಮಾದೇಶ, ಎಂಟು ವರ್ಷದ ತಂಗಿ ಗೌರಿ, ಮತ್ತೆ ಅಪ್ಪ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪ ರಾತ್ರಿ ಲಾರಿ ಓಡಿಸುತ್ತಿದ್ದ, ಹಗಲು ಮಲಗುತ್ತಿದ್ದ. ಪೇಟೆಯಲ್ಲಿ ಅವನಷ್ಟು ನಗುಮುಖದ ಮನುಷ್ಯ ಇನ್ನೊಬ್ಬನಿರಲಿಲ್ಲ. ಚಹಾದಂಗಡಿಯಲ್ಲಿ ಅವನ ಮಾತಿಗೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅದೇ ಮನುಷ್ಯ ಮನೆಯೊಳಗೆ ಒಂದು ಚಮಚ ಕೆಳಗೆ ಬಿದ್ದರೆ ಎದ್ದು ಬೆಲ್ಟು ಬಿಚ್ಚುತ್ತಿದ್ದ.

ಹಾಗಾಗಿ ನಾವು ಮೂವರೂ ಸದ್ದಿಲ್ಲದೆ ಬದುಕುವುದರಲ್ಲಿ ಪಳಗಿಬಿಟ್ಟಿದ್ದೆವು. ಚಕ್ಕುಲಿ ಸಿಕ್ಕರೆ ನೀರಿಗೆ ಅದ್ದಿ, ಮೆತ್ತಗಾದ ಮೇಲೆ ತಿನ್ನುತ್ತಿದ್ದೆವು. ಕುಕ್ಕರ್ ಸೀಟಿ ಹಾಕುವ ಮೊದಲೇ ನಾನು ಇಳಿಸುತ್ತಿದ್ದೆ, ಅನ್ನ ಯಾವಾಗಲೂ ಅರೆಬೆಂದದ್ದೇ. ಮಾತೆಲ್ಲ ಬೆರಳಿನಲ್ಲಿ ನಡೆಯುತ್ತಿತ್ತು. ಬೆನ್ನ ಹಿಂದೆ ಒಂದು ಬೆರಳು ಎತ್ತಿದರೆ ಅಪ್ಪ ಎದ್ದ ಎಂದು, ಎರಡು ಎತ್ತಿದರೆ ಹೊರಗೆ ಹೋದ ಎಂದು. ಎರಡು ಬೆರಳು ಕಂಡ ದಿನ ನಮಗೆ ಹಬ್ಬ.

ಆ ವರ್ಷ ಓಣಂ ದಿನ ಗೌರಿಯ ಕೈಯಿಂದ ಸಾಂಬಾರಿನ ಪಾತ್ರೆ ಜಾರಿತು. ಅಪ್ಪ ಅವಳನ್ನು ಬಚ್ಚಲಿಗೆ ತಳ್ಳಿ ಚಿಲಕ ಹಾಕಿದ. ಅಡ್ಡ ಹೋದ ಮಾದೇಶನ ಬೆನ್ನಿನ ಮೇಲೆ ಬೆಲ್ಟಿನ ಗುರುತು ಬಿತ್ತು. ಸಂಜೆ ಅಪ್ಪ ಹೊರಟ ಮೇಲೆ ನಾನು ಚಿಲಕ ತೆಗೆದೆ. ಗೌರಿ ಅತ್ತಿರಲಿಲ್ಲ. ಮೂಲೆಯಲ್ಲಿ ಕೂತವಳು ನನ್ನನ್ನು ನೋಡಿ ಎರಡು ಬೆರಳು ಎತ್ತಿ, ಹುಬ್ಬಿನಲ್ಲೇ ಹೋದನಾ ಎಂದು ಕೇಳಿದಳು. ಎಂಟು ವರ್ಷದ ಮಗು ನಾಲ್ಕು ಗಂಟೆ ಕತ್ತಲಲ್ಲಿ ಕೂತು ಅಳದೇ ಇದ್ದದ್ದು ನನಗೆ ಬೆಲ್ಟಿಗಿಂತ ಹೆಚ್ಚು ಭಯ ಹುಟ್ಟಿಸಿತು. ಇಲ್ಲಿ ಇನ್ನೊಂದು ವಾರ ಇದ್ದರೆ ಇವಳು ನಮ್ಮ ಕೈಬಿಟ್ಟು ಹೋಗುತ್ತಾಳೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಅಪ್ಪ ಬಂದು ಮಲಗಿದ ಮೇಲೆ, ಶಾಲೆಯ ಚೀಲಗಳಲ್ಲಿ ಬಟ್ಟೆ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆವು. ಬತ್ತೇರಿಗೆ ಒಂದು ಬಸ್ಸು, ಅಲ್ಲಿಂದ ಮುತ್ತಂಗಕ್ಕೆ ಇನ್ನೊಂದು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ನಾನು ಅಭ್ಯಾಸಬಲದಿಂದ ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ಪಿಸುಗುಟ್ಟಿದೆ. ಪಾಪ, ಗಂಟಲು ಕೆಟ್ಟಿದೆ ಅಂದುಕೊಂಡು ಅವರೂ ನನ್ನ ಕಿವಿಯ ಹತ್ತಿರ ಬಾಗಿ, "ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು" ಎಂದು ಮಲಯಾಳದಲ್ಲಿ ಪಿಸುಗುಟ್ಟಿ ಹೋದರು. ಮಾದೇಶ ಸೀಟಿನ ಕಂಬಿಗೆ ಹಣೆಯಿಟ್ಟು ನಕ್ಕ. ಅವನ ನಗೆಗೂ ಸದ್ದಿರಲಿಲ್ಲ.

ಮುತ್ತಂಗದಿಂದ ಜೀಪಿನಲ್ಲಿ ಕಾಡಿನೊಳಗೆ ಹೋದರೆ ದೊಡ್ಡಮ್ಮನ ಊರು. ಅಮ್ಮನ ಅಕ್ಕ ಅವರು. ಹಿಂದಿನ ತಲೆಮಾರಿನಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ನಮ್ಮವರದು ಹತ್ತು ಹನ್ನೆರಡು ಮನೆ, ಬಯಲಿನ ಆಚೆ ಅಂಚಿಗೆ ಕಾಡಿನ ಜನರ ಹಾಡಿ, ಸುತ್ತ ಕಾಡು. ದೊಡ್ಡಪ್ಪ ಇಲ್ಲ, ಮಕ್ಕಳಿಲ್ಲ, ದೊಡ್ಡಮ್ಮ ಒಬ್ಬರೇ ಒಂದೂವರೆ ಎಕರೆ ಗಂಧಕಸಾಲೆ ಬೆಳೆಯುತ್ತಿದ್ದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತವರಿಗೂ ಗದ್ದೆಯ ಆಚೆ ದಡದಲ್ಲಿರುವವರಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಅಂದು ನಮ್ಮನ್ನು ನೋಡಿದವರೇ ಕೈಯಲ್ಲಿದ್ದ ತಾಮ್ರದ ಬಿಂದಿಗೆ ಬಿಟ್ಟರು. ಅದು ಢಣ್ ಎಂದು ಮೆಟ್ಟಿಲಿನ ಮೇಲೆ ಉರುಳಿತು. ನಾವು ಮೂವರೂ ಒಟ್ಟಿಗೇ ತಲೆಯ ಮೇಲೆ ಕೈಯಿಟ್ಟು ಕುಕ್ಕರಿಸಿದೆವು.

ದೊಡ್ಡಮ್ಮ ಹತ್ತಿರ ಬಂದು ಮಾದೇಶನ ಅಂಗಿ ಎತ್ತಿ ಬೆನ್ನು ನೋಡಿದರು. "ಏಳ್ರವ್ವ, ಏಳಪ್ಪ" ಎಂದರು. "ಬಿಂದಿಗೆ ಬಿದ್ರೆ ಬಿತ್ತು. ಎತ್ತಿ ಮಡುಗಿದ್ರಾಯ್ತು. ಅದ್ಕೆ ಯಾರಾರ ಹೆದರ್ಕತಾರಾ?" ಆ ಮಾತಿಗೆ ನನಗೆ ಎಂಥ ಅಳು ಬಂತೆಂದರೆ, ಜೋರಾಗಿ ಅಳುವುದು ಹೇಗೆಂದು ಗೊತ್ತಿಲ್ಲದೆ ಬಿಕ್ಕಳಿಕೆ ಶುರುವಾಯಿತು.

ಆ ವಾರವೇ ದೊಡ್ಡಮ್ಮ ನಮ್ಮನ್ನು ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಗೆ ಕರೆದೊಯ್ದರು. ಅಪ್ಪನೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅದೇ ನಗುಮುಖ ಹೊತ್ತು. ಮಾದೇಶನ ಬೆನ್ನಿಗೆ ಅವನ ಹತ್ತಿರ ಒಂದು ಕಥೆ ಇತ್ತು, ಮರ ಹತ್ತಿ ಬಿದ್ದನಂತೆ. ನನ್ನ ಮಾತಿಗೆ ಇನ್ನೊಂದು ಕಥೆ, ಪರೀಕ್ಷೆಗೆ ಓದು ಅಂದದ್ದಕ್ಕೆ ಸಿಟ್ಟಂತೆ. ಕೊನೆಗೆ ನಗುತ್ತಲೇ, "ಗೌರಿಯನ್ನು ಕೇಳಿ ಮೇಡಂ, ಅವಳು ಸುಳ್ಳು ಹೇಳುವವಳಲ್ಲ. ನನ್ನ ಮೇಲೆ ಅವಳದೇನಾದರೂ ದೂರಿದೆಯಾ?" ಎಂದ. ಕಚೇರಿಯ ಮೇಡಂ ಕೇಳಿದರು. ಗೌರಿ ನೆಲ ನೋಡುತ್ತಾ ನಿಂತಳು. ಅವಳ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಮೇಡಂ ಒಳ್ಳೆಯವರು, ಅವಸರ ಮಾಡಲಿಲ್ಲ. ಡಿಸೆಂಬರಿನ ತನಕ ಮಕ್ಕಳು ದೊಡ್ಡಮ್ಮನ ಹತ್ತಿರ ಇರಲಿ, ಅಪ್ಪ ನೋಡಬೇಕಾದರೆ ಕಚೇರಿಯಲ್ಲೇ ನೋಡಲಿ, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ತೀರ್ಮಾನ ಮಾಡುತ್ತೇವೆ ಎಂದರು. "ಪ್ರತಿ ಮಗುವೂ ತಾನೇ ಹೇಳಬೇಕು" ಎಂದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ನಾನು ಹೇಳುತ್ತೇನೆ, ಮಾದೇಶ ಹೇಳುತ್ತಾನೆ. ಗೌರಿ ಬಾಯಿ ಬಿಡದಿದ್ದರೆ ಅವಳೊಬ್ಬಳನ್ನು ಅಪ್ಪನ ಜೊತೆ ಕಳಿಸಿಬಿಟ್ಟರೆ?

ಅಷ್ಟರಲ್ಲಿ ಭತ್ತ ಹೂಬಿಟ್ಟಿತು, ನಮಗೆ ಕೆಲಸ ಸಿಕ್ಕಿತು. ಭತ್ತ ಹಾಲು ತುಂಬುವಾಗ ಬೆಳಿಗ್ಗೆ ಮತ್ತು ಸಂಜೆ ಗಿಳಿಗಳು ಹಿಂಡುಹಿಂಡಾಗಿ ಬೀಳುತ್ತವೆ, ಮಧ್ಯೆ ಕೋತಿಗಳು ಬೇರೆ. ಬಯಲಿನ ಅಂಚಿನಲ್ಲಿ ಪ್ರತಿ ಮನೆಯದೂ ಮರದ ಮೇಲೆ ಒಂದು ಅಟ್ಟಣೆ ಇತ್ತು, ಬಿದಿರಿನ ಏಣಿ ಹತ್ತಿ ಕೂತು ಕಾಯುವುದಕ್ಕೆ. ರಾತ್ರಿಯ ಕಾವಲು ದೊಡ್ಡವರದು. ಶಾಲೆಗೆ ಜೀಪು ಬರುವವರೆಗೆ ಮತ್ತು ಶಾಲೆಯಿಂದ ಬಂದ ಮೇಲೆ ನಮ್ಮದು.

ಕಾವಲಿಗೆ ಅಲ್ಲಿ ನಿಯಮಗಳಿದ್ದವು. ಅವನ್ನು ಹೇಳಿಕೊಟ್ಟವನು ಪಕ್ಕದ ಅಟ್ಟಣೆಯ ಬೊಮ್ಮನಜ್ಜ, ಹಾಡಿಯ ಹಿರಿಯ. ಗಿಳಿಗೆ ಗಿಡ್ಡ ಕೂಗು, "ಹೋಯ್… ಹೋ". ಕೋತಿಗೆ ಸೀಳುಬಿದಿರು ಬಡಿಯುವುದು. ಆನೆಗೆ ಮಾತ್ರ ಉದ್ದ ಕೂಗು, "ಕೂ…" ಎಂದು ಉಸಿರು ಮುಗಿಯುವ ತನಕ, ಮೂರು ಸಲ. ಅದನ್ನು ಕೇಳಿದ ಅಟ್ಟಣೆಯವರು ಮುಂದಿನವರಿಗೆ ದಾಟಿಸಬೇಕು, ಯಾರು ಏನು ಮಾಡುತ್ತಿದ್ದರೂ ಕೈಲಿದ್ದದ್ದನ್ನು ಹಿಡಿದುಕೊಂಡೇ ಓಡಿಬರಬೇಕು. ಆನೆ ಇಲ್ಲದೆ ಆನೆಕೂಗು ಹಾಕಿದರೆ, ಓಡಿಬಂದವರಿಗೆಲ್ಲ ಕಾಫಿ ಮತ್ತು ಅವಲಕ್ಕಿ ಕೊಡಬೇಕು. ಅದು ದಂಡ.

ಮೊದಲ ದಿನ ನಾವು ಮೂವರೂ ಅಟ್ಟಣೆಯ ಮೇಲೆ ಕೂತೆವು. ಗಿಳಿಗಳು ಬಂದವು. ಮುದ್ದಾದ ಹಸಿರು ಕಳ್ಳರು, ತೆನೆಯನ್ನು ಬುಡಕ್ಕೆ ಕತ್ತರಿಸಿ ಕಾಲಲ್ಲಿ ಹಿಡಿದು ತಿನ್ನತೊಡಗಿದವು. ನಾವು ಎದ್ದು ನಿಂತು ಮೂವರೂ ಕೈ ಬೀಸಿದೆವು. ಜೋರಾಗಿ ಬೀಸಿದೆವು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಗಿಳಿಗಳು ತಲೆ ಓರೆ ಮಾಡಿ ನಮ್ಮನ್ನು ನೋಡಿ ಊಟ ಮುಂದುವರಿಸಿದವು. ಬೊಮ್ಮನಜ್ಜ ತನ್ನ ಅಟ್ಟಣೆಯಿಂದ ಬಹಳ ಹೊತ್ತು ಇದನ್ನು ನೋಡಿ, "ಏನ್ರವ್ವ, ಗಿಳಿಗೆ ಟಾಟಾ ಏಳ್ತಾ ಇದ್ದೀರಾ?" ಎಂದು ಕೇಳಿದ. ಬಯಲಿಗೆ ಬಯಲೇ ನಕ್ಕಿತು. ಮಾದೇಶನಿಗೂ ನಗು ಬಂತು, ಈ ಸಲ ಅದಕ್ಕೆ ಸದ್ದಿತ್ತು. ಅವನ ನಗೆ ಹೀಗಿದೆ ಎಂದು ನನಗೆ ಮರೆತೇಹೋಗಿತ್ತು.

"ಗಂಟ್ಲಿಂದ ಅಲ್ಲ ಮಗ, ಒಟ್ಟೆಯಿಂದ ಕೂಗ್ಬೇಕು" ಎಂದು ಬೊಮ್ಮನಜ್ಜ ಮಾದೇಶನ ಹೊಟ್ಟೆ ಮುಟ್ಟಿ ತೋರಿಸಿದ. ಒಂದು ವಾರದೊಳಗೆ ಮಾದೇಶ ಕೂಗಲು ಕಲಿತ, ಎರಡನೇ ವಾರಕ್ಕೆ ಅವನನ್ನು ಸಹಿಸುವುದು ಕಷ್ಟವಾಯಿತು. ಹಲ್ಲುಜ್ಜುವಾಗ ಕೂಗು, ಅನ್ನ ಬಡಿಸಿದರೆ ಕೂಗು, ಶಾಲೆಯ ಜೀಪು ಬಂದರೆ ಕೂಗು. ನಾನು ಮರ್ಯಾದಸ್ಥೆ, ಸುಮ್ಮನೆ ಹೋ ಎನ್ನಲು ನಾಚಿಕೆ. ಅದಕ್ಕೆ ಪಾಠವನ್ನೇ ಕೂಗತೊಡಗಿದೆ. ಬೆಳಕಿನ ವಕ್ರೀಭವನ, ಸ್ವಾತಂತ್ರ್ಯ ಹೋರಾಟ, ಇಂಗ್ಲಿಷ್ ವ್ಯಾಕರಣ, ಒಂದನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಗಿಳಿ ಓಡಿದ್ದು ರಸಾಯನಶಾಸ್ತ್ರಕ್ಕೆ. ಒಮ್ಮೆ ನಾನು ಒಂದು ಸೂತ್ರ ತಪ್ಪಿದಾಗ ಮೂರನೇ ಅಟ್ಟಣೆಯಿಂದ ಯಾವುದೋ ಹೆಂಗಸು, "ನೆನ್ನೆ ಬೇರೆ ತರ ಏಳಿದ್ದೆ ಕಣವ್ವ" ಎಂದು ತಿದ್ದಿದರು. ಆ ಸೂತ್ರ ಇಂದಿಗೂ ಮರೆತಿಲ್ಲ.

ಎಂಥ ದಿನಗಳವು! ಶಾಲೆ ಮುಗಿಸಿ ಬಂದವರೇ ತೊರೆಯಲ್ಲಿ ಮುಳುಗಿ, ಒದ್ದೆ ತಲೆಯಲ್ಲೇ ಅಟ್ಟಣೆ ಹತ್ತುತ್ತಿದ್ದೆವು. ದೊಡ್ಡಮ್ಮ ಸುಟ್ಟ ಮರಗೆಣಸು, ಕಾಂತಾರಿ ಎಂಬ ಸೂಜಿಮೆಣಸಿನ ಚಟ್ನಿ, ಕಪ್ಪುಕಾಫಿ ತಂದು ಏಣಿಯ ಬುಡದಿಂದ ಹಗ್ಗಕ್ಕೆ ಕಟ್ಟಿ ಕಳಿಸುತ್ತಿದ್ದರು. ಒಂದು ಭಾನುವಾರ ಚಕ್ಕುಲಿ ಮಾಡಿದರು. ಗೌರಿ ಅಭ್ಯಾಸದಂತೆ ತನ್ನದನ್ನು ನೀರಿನ ಲೋಟಕ್ಕೆ ಅದ್ದಲು ಹೋದಳು. ದೊಡ್ಡಮ್ಮ ಲೋಟ ಆಚೆಗಿಟ್ಟು, ತಾವೊಂದು ಬಾಯಿಗೆ ಹಾಕಿ ಕಟಕಟ ಕಡಿದು ತೋರಿಸಿದರು. ಆಮೇಲೆ ನಾವು ನಾಲ್ವರೂ ಪಂದ್ಯ ಕಟ್ಟಿದವರ ಹಾಗೆ ಕಡಿದೆವು. ನನಗೆ ಸಂತೋಷ ಅಂದರೆ ಏನೆಂದು ಕೇಳಿದರೆ ಇಂದಿಗೂ ಆ ಮಧ್ಯಾಹ್ನವನ್ನೇ ಹೇಳುತ್ತೇನೆ.

ಗೌರಿಯೂ ಕಡಿದಳು, ನಕ್ಕಳು. ಆದರೆ ಧ್ವನಿ ಎತ್ತಲಿಲ್ಲ. ಅಟ್ಟಣೆಯಲ್ಲಿ ಅವಳ ಕೆಲಸ ತಗಡಿನ ಡಬ್ಬಗಳಿಗೆ ಕಟ್ಟಿದ ಹಗ್ಗ ಜಗ್ಗುವುದು. ಅದರಲ್ಲಿ ಅವಳು ಬಲು ಚುರುಕು, ಯಾವ ಮೂಲೆಗೆ ಗಿಳಿ ಬಿದ್ದರೂ ಸರಿಯಾಗಿ ಆ ಮೂಲೆಯ ಡಬ್ಬ ಬಡಿಯುತ್ತಿತ್ತು. ನನಗೆ ಮಾತ್ರ ಡಿಸೆಂಬರ್ ಹತ್ತಿರವಾಗುತ್ತಿರುವುದೇ ಕಾಣುತ್ತಿತ್ತು. ನಾನು ಅವಳನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸತೊಡಗಿದೆ. "ಹೇಳು, ನನಗೆ ದೊಡ್ಡಮ್ಮನ ಮನೆಯಲ್ಲಿ ಇರಬೇಕು. ಹೇಳು." ಅವಳು ಹೇಳಲಿಲ್ಲ. ಮುದ್ದು ಮಾಡಿದೆ, ಮಿಠಾಯಿ ಆಸೆ ತೋರಿಸಿದೆ. "ಅವಳ ಬಾಯೇನು ಬಾವಿಯಾ, ಹಗ್ಗ ಬುಟ್ಟು ಎಳೆಯಾಕೆ? ಸುಮ್ಕಿರು" ಎಂದು ದೊಡ್ಡಮ್ಮ ಗದರಿದರು. ನಾನು ಕೇಳಲಿಲ್ಲ.

ಒಂದು ಸಂಜೆ ತಾಳ್ಮೆ ತಪ್ಪಿತು. ಹೊಸದಾಗಿ ಕಲಿತ ಗಂಟಲು ಬೇರೆ ಇತ್ತಲ್ಲ. ಅಟ್ಟಣೆಯ ಹಲಗೆ ಗುದ್ದಿ, "ಬಾಯಿ ಬಿಡೇ!" ಎಂದು ಕಿರುಚಿದೆ. ಗೌರಿ ಅಲುಗಾಡಲಿಲ್ಲ. ನಿಧಾನವಾಗಿ ಅವಳ ಬಲಗೈ ಬೆನ್ನ ಹಿಂದೆ ಹೋಯಿತು. ಮಾದೇಶನಿಗೆ ಕಾಣುವಂತೆ ಒಂದು ಬೆರಳು ಎತ್ತಿದಳು.

ಅಪ್ಪ ಎದ್ದ ಎಂದು. ನನ್ನನ್ನು ನೋಡಿ ಎತ್ತಿದ ಬೆರಳು ಅದು.

ನನಗೆ ನಾಚಿಕೆಯಿಂದ ಮೈಯೆಲ್ಲ ಸುಟ್ಟ ಹಾಗಾಯಿತು. ಏಣಿ ಇಳಿದು ಬದುವಿನ ಮೇಲೆ ಕೂತು ಅತ್ತೆ. ಸ್ವಲ್ಪ ಹೊತ್ತಿಗೆ ಗೌರಿಯೇ ಇಳಿದುಬಂದು ಪಕ್ಕದಲ್ಲಿ ಕೂತಳು. "ಇನ್ನು ಕೇಳಲ್ಲ ಕಣೇ. ನೀನು ಹೇಳಿದರೆ ಹೇಳು, ಬಿಟ್ಟರೆ ಬಿಡು. ಎಲ್ಲಿಗೆ ಕಳಿಸಿದರೂ ನಾನೂ ಜೊತೆಗೆ ಬರ್ತೀನಿ" ಎಂದೆ. ಅವಳು ನನ್ನ ಕೈ ಹಿಡಿದು ನನ್ನ ಬೆರಳುಗಳನ್ನು ಎಣಿಸುತ್ತಾ ಕೂತಳು. ಅಂದಿನಿಂದ ನಾನು ಕೂಗಿದ್ದು ಗಿಳಿಗಳಿಗೆ ಮಾತ್ರ.

ಕೊಯ್ಲಿಗೆ ಹತ್ತು ದಿನ ಇರುವಾಗ, ಒಂದು ಶನಿವಾರ ಸಂಜೆ ನಾಲ್ಕರ ಬಿಸಿಲಲ್ಲಿ ಅಪ್ಪ ಬಂದ. ದೊಡ್ಡಮ್ಮ ಅಂಗಡಿಗೆಂದು ಮುತ್ತಂಗಕ್ಕೆ ಹೋಗಿದ್ದರು. ಬಿಳಿ ಮುಂಡು ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಹಲ್ವದ ಪೊಟ್ಟಣ ಹಿಡಿದು ಬದುವಿನ ಮೇಲೆ ನಡೆದು ಬರುತ್ತಿದ್ದವನನ್ನು ಮೊದಲು ಕಂಡದ್ದು ಮಾದೇಶ. ಅವನ ಕೂಗು ಅಲ್ಲೇ ನಿಂತಿತು.

"ಇಳೀರಿ ಮಕ್ಕಳೇ" ಎಂದ ಅಪ್ಪ, ಜೇನಿನಂಥ ದನಿಯಲ್ಲಿ. "ಜೀಪು ಕಾಯ್ತಾ ಇದೆ. ಮನೆಗೆ ಹೋಗೋಣ. ಯಾರೋ ಏನೋ ತಲೆಗೆ ತುಂಬಿದ್ದಾರೆ, ಅಪ್ಪ ಏನೂ ಅನ್ನಲ್ಲ."

ಬಯಲಿಗೆಲ್ಲ ಕೇಳುವಂತೆ ರಸಾಯನಶಾಸ್ತ್ರ ಕೂಗಿದವಳು ನಾನು. ಈಗ ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಗಿ ಒಂದು ಬೆರಳು ಎತ್ತಿತು. ಮಾದೇಶ ಹಲಗೆಗೆ ಅಂಟಿ ಕೂತ. ಒಂದೇ ಕ್ಷಣದಲ್ಲಿ ನಾವು ಮತ್ತೆ ಮೀನಂಗಡಿಯ ಸಾಲುಮನೆಯಲ್ಲಿದ್ದೆವು. ಅಪ್ಪ ನಗುತ್ತಲೇ, ಹಲ್ಲು ಕಚ್ಚಿ, "ಇಳೀತೀರಾ ನಾನೇ ಬರ್ಲಾ?" ಎಂದು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

ಆಗ ನನ್ನ ಹಿಂದಿನಿಂದ ಒಂದು ಸದ್ದು ಬಂತು. ಮೊದಲು ಅದು ಏನೆಂದೇ ತಿಳಿಯಲಿಲ್ಲ. ತಿರುಗಿ ನೋಡಿದರೆ ಗೌರಿ ಅಟ್ಟಣೆಯ ಅಂಚಿನಲ್ಲಿ ಎದ್ದು ನಿಂತಿದ್ದಳು, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹೊಟ್ಟೆ ಅಮುಕಿ ಹಿಡಿದು. "ಕೂ…" ಉಸಿರು ಮುಗಿಯುವ ತನಕ. ಮತ್ತೊಮ್ಮೆ. ಇನ್ನೊಮ್ಮೆ. ಹಾಡಹಗಲಲ್ಲಿ ಆನೆಕೂಗು.

ಬೊಮ್ಮನಜ್ಜ ಅದನ್ನು ದಾಟಿಸಿದ. ಮೂರನೇ ಅಟ್ಟಣೆ ದಾಟಿಸಿತು. ಕಾಡಿನ ಅಂಚಿನ ತನಕ ಕೂಗು ಓಡಿತು, ಅದರ ಹಿಂದೆಯೇ ಜನ ಓಡಿಬಂದರು. ಒಬ್ಬರ ಕೈಯಲ್ಲಿ ಸೌಟು, ಒಬ್ಬರ ಕೈಯಲ್ಲಿ ಕತ್ತಿ, ಅರ್ಧ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಒಬ್ಬ ಹೆಂಗಸು ಎಣ್ಣೆಬಟ್ಟಲಿನ ಸಮೇತ, ಹಾಡಿಯವರು ತಮಟೆ ಮತ್ತು ತಗಡಿನ ಡಬ್ಬ ಹಿಡಿದು. ಐದೇ ನಿಮಿಷದಲ್ಲಿ ನಲವತ್ತು ಜನ ನಮ್ಮ ಮರದ ಸುತ್ತ ನಿಂತು ಏದುಸಿರು ಬಿಡುತ್ತಾ, "ಆನೆ ಎಲ್ಲವ್ವ? ಎತ್ತಾಗೋಯ್ತು?" ಎಂದು ಕೇಳಿದರು.

ಗೌರಿ ಕೆಳಗೆ ಬೆರಳು ತೋರಿಸಿದಳು. ಏಣಿಯ ಬುಡಕ್ಕೆ.

ಅಪ್ಪ ನಕ್ಕ. "ಮಕ್ಕಳಾಟ ಚೇಟಾ" ಎಂದು, ಮಲಯಾಳದಲ್ಲಿ ಅಣ್ಣ ಎನ್ನುತ್ತಾ, ಹತ್ತಿರದವರ ಹೆಗಲ ಮೇಲೆ ಕೈಯಿಟ್ಟ. ಮೀನಂಗಡಿಯಲ್ಲಿ ಇಷ್ಟು ಸಾಕಿತ್ತು, ಎಲ್ಲರೂ ಅವನ ಜೊತೆ ನಗುತ್ತಿದ್ದರು. ಇಲ್ಲಿ ಒಬ್ಬರೂ ನಗಲಿಲ್ಲ. ಮಾದೇಶನ ಬೆನ್ನು ನೋಡಿದ್ದ ಊರು ಅದು. ಬೊಮ್ಮನಜ್ಜ ಮುಂದೆ ಬಂದು ಏಣಿಯ ಮೇಲಿದ್ದ ಕಾಲನ್ನು ನೋಡಿದ, ಆಮೇಲೆ ಮುಖ ನೋಡಿದ. "ಕಾಲು ಇಳಿಸಪ್ಪ" ಎಂದ ಮೆಲ್ಲಗೆ. "ದಾರಿ ಬುಡ್ರೋ."

ಆನೆ ಓಡಿಸುವುದಕ್ಕೆ ಅಲ್ಲಿ ಒಂದು ಕ್ರಮವಿದೆ. ಕಲ್ಲು ಹೊಡೆಯುವಂತಿಲ್ಲ, ಮುಟ್ಟುವಂತಿಲ್ಲ, ಅಡ್ಡ ನಿಲ್ಲುವಂತಿಲ್ಲ. ಮೂರು ಕಡೆ ಜನ ನಿಂತು, ಹೋಗಬೇಕಾದ ಕಡೆ ತೆರವು ಬಿಟ್ಟು, ಗದ್ದಲ ಮಾಡುತ್ತಾ ಹಿಂದೆ ನಡೆಯಬೇಕು, ಬಯಲು ದಾಟುವ ತನಕ. ಅದೇ ಕ್ರಮದಲ್ಲಿ ಅಪ್ಪನನ್ನು ಓಡಿಸಿದರು. ಯಾರೂ ಬೈಯಲಿಲ್ಲ, ಕೈ ಎತ್ತಲಿಲ್ಲ. ಹಿಂದೆ ಹತ್ತು ಮಾರು ದೂರದಲ್ಲಿ ತಮಟೆ ಬಡಿಯುತ್ತಾ, ಡಬ್ಬ ಬಡಿಯುತ್ತಾ, ಸೌಟಿನಲ್ಲಿ ತಟ್ಟೆ ಬಡಿಯುತ್ತಾ ನಡೆದರು. ಅಪ್ಪ ಮೊದಲು ನಡೆದ, ಆಮೇಲೆ ಬೇಗ ನಡೆದ, ಕೊನೆಗೆ ಮುಂಡು ಹಿಡಿದು ಓಡಿದ. ಕೆಸರಿನಲ್ಲಿ ಒಂದು ಚಪ್ಪಲಿ ಉಳಿಯಿತು. ಮಾದೇಶ ಅಷ್ಟು ಹೊತ್ತಿಗೆ ದನಿ ಸಿಕ್ಕಿ, ಅಟ್ಟಣೆಯ ಮೇಲೆ ಕುಣಿಯುತ್ತಾ ಗಿಳಿಕೂಗು, ಕೋತಿಕೂಗು, ಆನೆಕೂಗು ಎಲ್ಲವನ್ನೂ ಒಟ್ಟಿಗೆ ಹಾಕುತ್ತಿದ್ದ. ನಾನು ಗೌರಿಯನ್ನು ತಬ್ಬಿಕೊಂಡು ನಗುತ್ತಿದ್ದೆ, ಅಳುತ್ತಲೂ ಇದ್ದೆ.

ಜನ ವಾಪಸ್ಸು ಬಂದ ಮೇಲೆ ಚರ್ಚೆ ಶುರುವಾಯಿತು. ಇದು ಸುಳ್ಳುಕೂಗೋ ನಿಜವಾದ ಕೂಗೋ? ಎಣ್ಣೆಬಟ್ಟಲಿನ ಹೆಂಗಸು ದಂಡ ಬೇಡವೆಂದರು. ಬೊಮ್ಮನಜ್ಜನೂ ಬೇಡವೆಂದ. ಅಷ್ಟರಲ್ಲಿ ದೊಡ್ಡಮ್ಮ ಬಂದು ಎಲ್ಲ ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಕ್ರಮ ಅಂದ್ಮೇಲೆ ಕ್ರಮ. ನನ್ನ ಮಗಳು ಕೂಗವ್ಳೆ, ದಂಡ ನಾ ಕೊಡ್ತೀನಿ" ಎಂದು ಹಂಡೆ ಒಲೆಗೇರಿಸಿದರು. ನಲವತ್ತು ಜನರಿಗೂ ಬೆಲ್ಲ ಕಾಯಿ ಕಲಸಿದ ಅವಲಕ್ಕಿ, ಕಾಫಿ. ಬಡಿಸಿದವಳು ಗೌರಿ, ಆ ಮೂರು ಕೂಗಿಗೇ ದನಿ ಕಟ್ಟಿದ್ದರೂ ಪ್ರತಿಯೊಬ್ಬರಿಗೂ "ಇನ್ನೊಸಿ ಹಾಕ್ಲಾ?" ಎಂದು ಕೇಳುತ್ತಾ.

ಕೊಯ್ಲಿನ ನಡುವೆಯೇ ಕಚೇರಿಯಿಂದ ಕರೆ ಬಂತು. ನನ್ನದು ಹತ್ತು ನಿಮಿಷದಲ್ಲಿ ಮುಗಿಯಿತು, ಮಾದೇಶನದು ಇನ್ನೂ ಬೇಗ. ಗೌರಿ ಒಳಗೆ ಹೋದಳು, ಬಾಗಿಲು ಹಾಕಿಕೊಂಡಿತು. ನಾನು ಬೆಂಚಿನ ಅಂಚು ಹಿಡಿದು ಕೂತೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಬಾಗಿಲಿನ ಆಚೆ ಮೇಡಂ ದನಿ ಕೇಳಲೇ ಇಲ್ಲ. ಕೇಳಿದ್ದೆಲ್ಲ ಒಂದೇ ದನಿ, ತಡೆಯಿಲ್ಲದೆ, ಒಮ್ಮೆ ಮಲಯಾಳದಲ್ಲಿ ಒಮ್ಮೆ ನಮ್ಮ ಮಾತಿನಲ್ಲಿ: ಬಚ್ಚಲು, ಬೆಲ್ಟು, ಅರೆಬೆಂದ ಅನ್ನ, ಅಣ್ಣನ ಬೆನ್ನು, ಗಿಳಿ ತೆನೆ ಕತ್ತರಿಸುವ ರೀತಿ. ನಡುವೆ ಒಮ್ಮೆ, "ಬೇಗ ಬರ್ಕೊಳಿ ಮೇಡಂ, ನಮ್ದು ಅರ್ಧ ಗದ್ದೆ ಇನ್ನೂ ಕೊಯ್ದಿಲ್ಲ" ಎಂದದ್ದೂ ಕೇಳಿಸಿತು.

ಬಾಗಿಲು ತೆರೆದು ಹೊರಬಂದ ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಮೂವರೂ ಇನ್ನು ಮುಂದೆ ದೊಡ್ಡಮ್ಮನ ಹತ್ತಿರವೇ, ಕಾಗದ ಈ ವಾರ ಬರುತ್ತದೆ ಎಂದರು. ಆಮೇಲೆ ಗೌರಿಯ ತಲೆ ಸವರಿ ನಗುತ್ತಾ, "ಆದರೂ ಅಮ್ಮಾ, ಈ ಮೋಳ್ ಎಷ್ಟೊಂದು ಮಾತಾಡ್ತಾಳೆ!" ಎಂದರು.

ದೊಡ್ಡಮ್ಮ ಗೌರಿಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಇಡೀ ಕಚೇರಿ ತಿರುಗಿ ನೋಡುವಷ್ಟು ಜೋರಾಗಿ, "ಏನ್ ಮಾಡದು ಮೇಡಂ" ಎಂದರು. "ನಮ್ಮನೇಲಿ ಎಲ್ಲಾರೂ ಇಂಗೇಯ."